ನಲವತ್ತೊಂದನೆಯ ಕೊಕ್ಕೆ

ತಂಪುಗುಂಡಿಯಲ್ಲಿ ಸುಮ್ಮನೆ ಅಂಗಾತ ಮಲಗಿದ ಮನುಷ್ಯನಿಗೆ ಗಂಟೆಗೆ ಹದಿನೈದು ಲೀಟರ್ ಆಮ್ಲಜನಕ ಸಾಕು. ಎದ್ದು ಕುಳಿತು ಹರಟೆ ಹೊಡೆದರೆ ಇಪ್ಪತ್ತು. ಹೆಂಡತಿಯೊಡನೆ ಜಗಳಕ್ಕೆ ನಿಂತರೆ ಮೂವತ್ತೈದು. ಗೆಲ್ಲುವ ಆಸೆಯಿದ್ದರೆ ಇನ್ನೂ ಐದು. ಮಂಜುಗಡ್ಡೆ ಅಗೆಯುವವನಿಗೆ ನೂರು. ಮೊಟ್ಟೆಯಿಡುವ ಕೋಳಿಗೆ ಎರಡು. ಗಣಿಯ ದೊಡ್ಡ ಬಾಗಿಲನ್ನು ಒಂದು ಸಲ ತೆರೆದು ಮುಚ್ಚಿದರೆ ಆರುನೂರು ಲೀಟರ್ ಹಾಳು. ಅದು ಯಾರ ಎದೆಗೂ ಹೋಗುವುದಿಲ್ಲ.

ಈ ಲೆಕ್ಕ ಅಲ್ಲಿನ ಮಕ್ಕಳಿಗೂ ಬಾಯಿಪಾಠ.

ತಂಪುಗುಂಡಿ ಎನ್ನುವುದು ಚಂದ್ರನ ದಕ್ಷಿಣ ತುದಿಯ ಒಂದು ಆಳವಾದ ಕುಳಿ. ನಕ್ಷೆಯಲ್ಲಿ ಅದಕ್ಕೆ ಬೇರೊಂದು ದೊಡ್ಡ ಹೆಸರಿದೆ, ದುಡಿಯುವವರ ನಾಲಿಗೆಗೆ ಅದು ಹತ್ತಲಿಲ್ಲ. ಕುಳಿಯ ತಳಕ್ಕೆ ಬಿಸಿಲು ಎಂದೂ ಬಿದ್ದಿಲ್ಲವಾದ್ದರಿಂದ ಮಣ್ಣಿನಡಿಯಲ್ಲಿ ಮಂಜುಗಡ್ಡೆ ಬಂಡೆಯಂತೆ ಕೂತಿದೆ. ಅದನ್ನು ಅಗೆದು, ಕರಗಿಸಿ, ಆ ನೀರಿಗೆ ವಿದ್ಯುತ್ ಹಾಯಿಸಿ ಒಡೆದರೆ ಒಂದು ಪಾಲು ಉಸಿರಿಗೆ, ಉಳಿದದ್ದು ನೌಕೆಗಳ ಇಂಧನಕ್ಕೆ. ಅಗೆಯಲು ಬಂದವರಲ್ಲಿ ಅರ್ಧಕ್ಕರ್ಧ ಕೋಲಾರದ ಚಿನ್ನದ ಗಣಿಯವರ ಮರಿಮಕ್ಕಳು. ಚಿನ್ನ ಮುಗಿದು ತಲೆಮಾರುಗಳೇ ಕಳೆದರೂ ಕತ್ತಲೆಗೆ ಇಳಿಯುವ ಧೈರ್ಯ ಆ ಮನೆಗಳಲ್ಲಿ ಉಳಿದುಕೊಂಡಿತ್ತು.

ಉಸಿರು ಹಂಚುವುದು ಪಾಲುಗಾರ ಎಂಬ ಯಂತ್ರದ ಕೆಲಸ. ಪ್ರತಿ ಮನುಷ್ಯನ ಹೆಸರಿನ ಮುಂದೆ ದಿನಕ್ಕೆ ಆರುನೂರು ಲೀಟರಿನ ಹಕ್ಕು ಬರೆದಿರುತ್ತದೆ. ಅಷ್ಟು ಅವನ ಕೋಣೆಯ ನಲ್ಲಿಗೆ ಬರುತ್ತದೆ. ಭೂಮಿಯ ಮೇಲೆ ಹಕ್ಕನ್ನು ಕಾಗದದಲ್ಲಿ ಬರೆದು ಮರೆತರೂ ಜನ ಉಂಡು ಮಲಗುತ್ತಾರೆ. ಇಲ್ಲಿ ಹಕ್ಕು ನಲ್ಲಿಯಲ್ಲಿ ಬರುವ ಪದಾರ್ಥ. ಅದನ್ನು ಮಾರುವಂತಿಲ್ಲ, ಯಂತ್ರದ ಮೂಲಕ ಇನ್ನೊಬ್ಬರ ಹೆಸರಿಗೆ ಬರೆಯುವಂತಿಲ್ಲ. ಮೊದಲ ವರ್ಷ ಇಸ್ಪೀಟಿನಲ್ಲಿ ಇಬ್ಬರು ಒಂದು ವಾರದ ಉಸಿರನ್ನೇ ಸೋತಿದ್ದರು. ಆಮೇಲೆ ಬಂದ ನಿಯಮವದು. ಒಳ್ಳೆಯ ನಿಯಮ.

ಗಣಿಬಾಗಿಲಿನಲ್ಲಿ ಯಂತ್ರಕ್ಕಿಂತ ಹಳೆಯದೊಂದು ವ್ಯವಸ್ಥೆಯೂ ಇತ್ತು. ಅರವತ್ತು ಕೊಕ್ಕೆಗಳ ಒಂದು ಹಲಗೆ, ಅರವತ್ತು ಹಿತ್ತಾಳೆ ಬಿಲ್ಲೆಗಳು. ಒಳಗೆ ಹೋಗುವವನ ಕೈಗೆ ಒಂದು ಬಿಲ್ಲೆ. ಹೊರಗೆ ಬಂದವನು ತನ್ನ ಕೈಯಾರೆ ಅದನ್ನು ಕೊಕ್ಕೆಗೆ ತೂಗುಹಾಕಬೇಕು. ಕೊಕ್ಕೆ ಖಾಲಿಯಿದ್ದರೆ ಪಾಳಿ ಮುಗಿದಿಲ್ಲ, ಪಾಳಿ ಮುಗಿಯುವವರೆಗೆ ಯಾರೂ ತಟ್ಟೆಗೆ ಕೈಹಾಕುವುದಿಲ್ಲ. ಕೋಲಾರದಲ್ಲಿ ಮುತ್ತಜ್ಜಂದಿರು ನಡೆಸಿದ ಪದ್ಧತಿ. ನೌಕೆಯಲ್ಲಿ ಹಿತ್ತಾಳೆ ತರುತ್ತೇವೆ ಎಂದಾಗ ಅಧಿಕಾರಿಗಳು ನಕ್ಕಿದ್ದರು. ಅರವತ್ತು ಜನ ತಲಾ ಒಂದು ಬಿಲ್ಲೆಯನ್ನು ತಾಳಿ, ತಾಯಿತಗಳ ಜೊತೆ ಕೊರಳಲ್ಲೇ ಕಟ್ಟಿಕೊಂಡು ಬಂದಿದ್ದರು.

ಆ ಹಲಗೆಯನ್ನು ನೋಡಿಕೊಳ್ಳುತ್ತಿದ್ದವಳು ಮುನಿರತ್ನಮ್ಮ. ಐವತ್ತೆಂಟು ವರ್ಷ, ಗಟ್ಟಿ ಗಂಟಲು, ಮಂಡಿನೋವು.

ಅವತ್ತು ಎರಡನೇ ಪಾಳಿ ಮುಗಿಯಲು ಇನ್ನೊಂದು ಗಂಟೆಯಿದ್ದಾಗ ಏಳನೇ ಸುರಂಗದ ಚಾವಣಿ ಕುಸಿಯಿತು. ಸದ್ದೇನೂ ಆಗಲಿಲ್ಲ, ಗಾಳಿಯಿಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ನೆಲ ಒಮ್ಮೆ ನಡುಗಿತು, ಮಂಜುಗಡ್ಡೆ ಸಾಗಿಸುವ ಬೆಲ್ಟು ಜಜ್ಜಿ ಹೋಯಿತು. ಅಕ್ಕಪಕ್ಕದ ಸುರಂಗಗಳಲ್ಲಿ ಅಗೆಯುತ್ತಿದ್ದ ಇಪ್ಪತ್ತೆರಡು ಜನ ಗಾಳಿಯಂಗಿಗಳಲ್ಲಿ ಎಡವುತ್ತಾ ಹೊರಗೆ ಬಂದರು. ಒಬ್ಬೊಬ್ಬರೂ ಬಿಲ್ಲೆ ತೂಗುಹಾಕಿದರು. ಬಾಗಿಲ ಮೇಲಿನ ಪರದೆಯಲ್ಲಿ ಪಾಲುಗಾರ ಬರೆಯಿತು: ‘ಒಳಗೆ ಜನ: ಸೊನ್ನೆ.’ ಬಾಗಿಲು ಮುಚ್ಚಿಕೊಂಡಿತು.

ಮುನಿರತ್ನಮ್ಮ ಹಲಗೆಯ ಮೇಲೆ ಬೆರಳಿಟ್ಟು ಎಣಿಸಿದಳು. ನಲವತ್ತೊಂದನೆಯ ಕೊಕ್ಕೆ ಖಾಲಿ.

“ಯಂತ್ರ ಸೊನ್ನೆ ಅಂತೈತಲ್ಲಕ್ಕ,” ಎಂದ ಚಿನ್ನಪ್ಪ. ಅವಳ ತಮ್ಮ, ಅಗೆಯುವವರ ಮೇಸ್ತ್ರಿ.

“ಅದಕ್ಕೆ ಸೊನ್ನೆ. ನಂಗೆ ಒಂದು.”

“ನಲವತ್ತೊಂದು ಯಾರಿಗ್ ಕೊಟ್ಟಿದ್ದೆ?”

ಅವಳು ಖಾಲಿ ಕೊಕ್ಕೆಯನ್ನು ಬೆರಳಿನಿಂದ ಒರೆಸಿದಳು. “ಮಾನಪ್ಪಂಗೆ.”

ಚಿನ್ನಪ್ಪ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಕೆಳಗಿಟ್ಟ. “ಅಯ್ಯೋ ನಿನ್ನ! ಅವ್ನಿಗ್ಯಾಕೆ ಕೊಟ್ಟೆ? ಅವ್ನು ಈಗ ಸಾಮಾನು.”

ಮಾನಪ್ಪ ರಾಯಚೂರು ಕಡೆಯವನು. ಕೈಕೆಲಸದಲ್ಲಿ ಗಟ್ಟಿಗ, ಮಿಕ್ಕಿದ್ದರಲ್ಲಿ ಯಾರಿಗೂ ಬೇಡದವನು. ಹಿಂದಿನ ತಿಂಗಳು ಮಕ್ಕಳ ಪಾಲಿನ ಬೆಲ್ಲ ಕದ್ದು, ತನ್ನ ಕೋಣೆಯಲ್ಲಿ ಗುಟ್ಟಾಗಿ ಹುಳಿಬರಿಸಿ ಹೆಂಡ ಮಾಡಿದ್ದ. ಹುಳಿಯುವಾಗ ಬಂದ ಕೆಟ್ಟ ಗಾಳಿ ಇಡೀ ಓಣಿಗೆ ಹರಡಿ, ಮುನಿರತ್ನಮ್ಮನ ನಾಲ್ಕು ವರ್ಷದ ಮೊಮ್ಮಗಳು ಚುಕ್ಕಿ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಐದು ಜನರ ಸಮಿತಿ ಸೇರಿ ಅವನ ಕೆಲಸದ ಒಪ್ಪಂದ ರದ್ದು ಮಾಡಿತು. ಮುಂದಿನ ನೌಕೆಯಲ್ಲಿ ವಾಪಸ್. ಅಲ್ಲಿಯವರೆಗೆ ಗೋದಾಮಿನಲ್ಲಿ ಆಲೂಗಡ್ಡೆ ಮೂಟೆಗಳ ಪಕ್ಕ ಹಾಸಿಗೆ. ಆಲೂಗಡ್ಡೆ ಕೆಡದಿರಲೆಂದು ಗೋದಾಮಿಗೆ ಗಾಳಿ ಬರುತ್ತಿತ್ತು. ಅದರಲ್ಲೇ ಅವನೂ ಉಸಿರಾಡುತ್ತಿದ್ದ.

ಅಂಥವನು ಪಾಳಿ ಶುರುವಾಗುವಾಗ ಅಗೆಯುವವರ ಸಾಲಿನಲ್ಲಿ ತನ್ನ ಹಳೆಯ ಗಾಳಿಯಂಗಿ ತೊಟ್ಟು ನಿಂತಿದ್ದ. “ಏ ಮುದುಕಿ, ಕೊಡಂಗಿದ್ರ ಕೊಡು, ಇಲ್ಲಂದ್ರ ಹಂಗೇ ಹೋಗ್ತೀನಿ. ಮುಖ ಏನ್ ನೋಡ್ತಿ?” ಎಂದಿದ್ದ. ಏಳನೇ ಸುರಂಗದಲ್ಲಿ ಹೂತಿಟ್ಟ ಹೆಂಡದ ಡಬ್ಬಿಗಾಗಿಯೇ ಹೋಗುತ್ತಿದ್ದಾನೆಂದು ಅವಳಿಗೆ ಅಂದಾಜಿತ್ತು. ಬಾಗಿಲು ಕಾಯುವ ಕಾವಲಿನವನು ಅವನನ್ನು ತಡೆಯುತ್ತಾನೆ ಎಂದುಕೊಂಡಳು. ಕಾವಲಿನವನು, ಬಿಲ್ಲೆ ಕೊಟ್ಟಿದ್ದಾಳಲ್ಲ, ಸಮಿತಿ ಒಪ್ಪಿರಬೇಕು ಎಂದುಕೊಂಡ. ಹೊಸ್ತಿಲು ದಾಟುವವನ ಗುಣ ವಿಚಾರಿಸುವುದು ಹಲಗೆಯ ಕೆಲಸವಲ್ಲ. ಅವಳ ಕೈ ಅಭ್ಯಾಸದಂತೆ ಚಾಚಿತ್ತು.

“ಕೊಟ್ಟಿದ್ದು ತಪ್ಪಿರ್ಬೋದು,” ಎಂದಳು ಈಗ. “ಕೊಟ್ಟಾಯ್ತಲ್ಲ. ನೀನು ಅಂಗಿ ಬಿಚ್ಚಬೇಡ.”

*

ನಿಯಂತ್ರಣ ಕೊಠಡಿಯಲ್ಲಿ ಇಂದುಧರ ಹಿರೇಮಠ ಎರಡು ಕೈಯಲ್ಲೂ ತಲೆ ಹಿಡಿದು ಕುಳಿತಿದ್ದ. ಧಾರವಾಡದವನು, ಪಾಲುಗಾರನ ಹಕ್ಕುಪಟ್ಟಿ ಬರೆದ ಎಂಜಿನಿಯರ್.

“ಅವ್ವಾ, ಬೆಲ್ಟ್ ಹರದೈತಿ,” ಎಂದ ಅವಳು ಬಾಯಿ ತೆರೆಯುವ ಮೊದಲೇ. “ಹೊಸಾ ಮಂಜುಗಡ್ಡಿ ಬರಾಕ ಮೂರು ದಿನಾ ಬೇಕು. ಪಾಲುಗಾರ ಎಲ್ಲಾರ ಪಾಲು ನಾಕನೂರಕ್ಕ ಇಳಿಸೈತಿ. ಸುಮ್ಮ ಮಲಗಿದವರಿಗೆ ಅಷ್ಟು ಸಾಕಾಕ್ಕೈತಿ, ಓಡ್ಯಾಡಿದವರಿಗೆ ಸಾಲಂಗಿಲ್ಲ. ನೀವು ಮನಿಗೆ ಹೋಗಿ ಮಲಕೋರಿ.”

“ಒಳಗೆ ಒಬ್ಬ ಅವ್ನೆ ಸಾಮಿ.”

ಯಾರೆಂದು ಹೇಳಿದಳು. ಅವನು ಪರದೆಯ ಮೇಲೆ ಪಟ್ಟಿ ತೆರೆದ. ಹೆಸರು, ಹಕ್ಕು, ಮೂಲ ಎಂದು ಮೂರು ಕಲಂ.

“ನೋಡ್ರಿ. ಹಕ್ಕು ಅಂದಮ್ಯಾಲ ಅದು ಎಲ್ಲಿಂದ ಬಂತು ಅಂತ ಬರೀಬೇಕು. ನಿಮ್ಮ ಮೊಮ್ಮಗಳು ಇಲ್ಲೇ ಹುಟ್ಟ್ಯಾಳ. ಆಕೀ ಮೂಲ ಜನನ. ನಿಮ್ಮದು ನಂದು ಒಪ್ಪಂದ. ಮಾನಪ್ಪನ ಒಪ್ಪಂದ ರದ್ದಾತು, ಮೂಲದ ಕಲಂ ಖಾಲಿ ಆತು. ಅದು ಖಾಲಿ ಇದ್ರ ಯಂತ್ರ ಆ ಹೆಸರು ಜನರ ಪಟ್ಟಿಯೊಳಗ ಇಟ್ಕೊಳ್ಳಂಗಿಲ್ಲ. ಹದಿನೈದು ದಿನದ ಮಾತು ಅಂತ ವಾಪಸ್ ಹೋಗೋ ಸಾಮಾನಿನ ಪಟ್ಟಿಗೆ ಹಾಕೀವಿ. ಎಪ್ಪತ್ತೆರಡು ಕಿಲೋ.” ಕೊನೆಯ ಮಾತನ್ನು ಅವನು ಮೆಲ್ಲಗೆ ಹೇಳಿದ.

“ಕೋಳಿಗಳಿಗೆ ಏನ್ ಮೂಲ ಬರ್ದಿದೀರ?”

“ಆಹಾರ.”

“ಅಂಗಾರೆ ಕೋಳಿ ಕಳೆದೋದ್ರೆ ನಿಮ್ ಯಂತ್ರ ಹುಡುಕ್ತದೆ.”

“ಹುಡುಕತೈತಿ,” ಎಂದು ಇಂದುಧರ ತಲೆ ತಗ್ಗಿಸಿದ.

ಮೂಲದ ಕಲಂ ತಿದ್ದಲು ಸಮಿತಿಯ ಐವರೂ ಸೇರಿ ಮತ ಹಾಕಬೇಕು. ಅವರಲ್ಲಿ ಇಬ್ಬರು ಭೂಮಿಯ ಮೇಲಿದ್ದರು. ಎರಡು ದಿನವಾದರೂ ಹಿಡಿಯುತ್ತದೆ. ಮಾನಪ್ಪನ ಅಂಗಿಯಲ್ಲಿ ಉಳಿದ ಗಾಳಿ, ಅವನು ಸುಮ್ಮನೆ ಬಿದ್ದುಕೊಂಡಿದ್ದರೆ ಇಪ್ಪತ್ತನಾಲ್ಕು ಗಂಟೆಗೆ. ಅವನು ಸುಮ್ಮನೆ ಬಿದ್ದುಕೊಳ್ಳುವ ಜಾತಿಯವನಲ್ಲ.

ಇಂದುಧರ ಯಂತ್ರವನ್ನು ಕೇಳಿ ನೋಡಿದ. ಆರು ಜನ ಹದಿನಾರು ಗಂಟೆ ಅಗೆಯಬೇಕು, ಮೂರು ಸಲ ಬಾಗಿಲು ತೆರೆಯಬೇಕು, ಮಾನಪ್ಪನ ಅಂಗಿಗೆ ಮುನ್ನೂರು ತುಂಬಬೇಕು: ಎಲ್ಲ ಸೇರಿ ಹನ್ನೊಂದು ಸಾವಿರದ ಏಳುನೂರು ಲೀಟರ್. “ಕಳೆದ ಮನುಷ್ಯಾನ ಹುಡುಕಾಕಾದ್ರ ಆಪತ್ತಿನ ಖಾತೆಯಿಂದ ಕೊಡತೈತಿ. ಸಾಮಾನು ಹುಡುಕಾಕ ಕೊಡಂಗಿಲ್ಲ. ಯಾರ ಪಾಲಿನಿಂದ ಅಂತ ಕೇಳತೈತಿ. ಪಾಲು ಒಬ್ಬರಿಂದ ಇನ್ನೊಬ್ಬರಿಗೆ ಬರಿಯಂಗಿಲ್ಲ ಅಂತ ನಾನೇ ಬರದೀನಿ.”

“ಒಳ್ಳೇದಕ್ಕೇ ಬರ್ದಿದೀಯಪ್ಪ. ಆ ಇಸ್ಪೀಟು ಕಳ್ಳರು ನಂಗೂ ಗೊತ್ತು.” ಅವಳು ಮಂಡಿ ತಿಕ್ಕಿಕೊಂಡಳು. “ಮನೆಮನೇಲೂ ಆಪತ್ತಿಗೆ ಅಂತ ತಲೆಗೊಂದು ಸಣ್ಣ ಸಿಲಿಂಡರ್ ಐತಲ್ಲ. ಅದು ಯಾರ್ದು?”

“ಅವರವರದು. ಒಂದರಾಗ ನೂರು ಲೀಟರ್.”

“ನನ್ ಸಿಲಿಂಡರ್ ನಾನೇ ಎತ್ಕೊಂಡು ಗಣಿಬಾಗ್ಲಿಗೆ ಬಂದ್ರೆ ಯಂತ್ರ ತಡೀತದಾ?”

“ಇಲ್ಲ.” ಅವನು ತಲೆಯೆತ್ತಿದ. “ಆದ್ರ ಬಾಗ್ಲಾ ತಗಿಯಂಗಿಲ್ಲ.”

“ಬಾಗ್ಲಿಗೆ ಕೈಚಕ್ರ ಐತೆ.”

“ಅದಕ್ಕ ಬೀಗ ಐತ್ರಿ. ಕೀಲಿ ನನ್ನ ಕಡೆ ಐತಿ. ನಾ ತಗದ್ರ ನನ್ನ ಒಪ್ಪಂದಾನೂ…”

“ಅದು ನಿಂಗೆ ಬಿಟ್ಟಿದ್ದಪ್ಪ,” ಎಂದು ಮುನಿರತ್ನಮ್ಮ ಗೋಡೆ ಹಿಡಿದು ಎದ್ದಳು. “ನಾನು ಮನೆಮನೆಗೆ ಹೋಗ್ಬರ್ತೀನಿ.”

*

ಮೊದಲು ಹೋದದ್ದು ತನ್ನ ಮನೆಗೇ. ಅಲ್ಲಿ ಗೆಲ್ಲದವಳು ಬೇರೆ ಕಡೆ ಗೆಲ್ಲುವಂತಿರಲಿಲ್ಲ.

ಸೊಸೆ ಕಲಾವತಿ ಚುಕ್ಕಿಯನ್ನು ಹಾಸಿಗೆಯಲ್ಲಿ ಮಲಗಿಸಿ, ಅಲುಗಾಡದಿರಲೆಂದು ತೊಡೆ ತಟ್ಟುತ್ತಿದ್ದಳು. ಸಿಲಿಂಡರ್ ಕೇಳಿದ ಕೂಡಲೇ ಅವಳ ಕೈ ನಿಂತಿತು.

“ಯಾರಿಗೆ ಅತ್ತೆ? ಆ ಬೆಲ್ಲದ ಕಳ್ಳಂಗಾ? ಇವ್ಳು ಎರಡ್ ದಿನ ಉಸ್ರಿಗೆ ಬಾಯ್ ಬಾಯ್ ಬಿಟ್ಟಾಗ ಅವ್ನೇನಂದ? ‘ಮಕ್ಳು ಕೆಮ್ತವೆ’ ಅಂದ. ಅವ್ನಿಗೆ ನಾನ್ ಉಸ್ರು ಕೊಡ್ಬೇಕಾ?”

“ಅವ್ನು ಒಳ್ಳೇವ್ನು ಅಂತ ನಾನೇನಾದ್ರೂ ಅಂದ್ನಾ?”

“ಮತ್ತೆ?”

“ಬಿಲ್ಲೆ ಬಂದಿಲ್ಲ.”

“ಬಿಲ್ಲೆ ಬಿಲ್ಲೆ! ಹಿತ್ತಾಳೆ ಚೂರು. ಇದೇ ಬೆಲ್ಟು ಮೂರ್ ದಿನಕ್ಕೆ ರಿಪೇರಿ ಆಗ್ದಿದ್ರೆ? ಆವಾಗ ಯಾವ್ ಸಿಲಿಂಡರ್ ತರ್ತೀರ?”

ಅದು ನ್ಯಾಯವಾದ ಪ್ರಶ್ನೆ. ಮುನಿರತ್ನಮ್ಮ ಹಾಸಿಗೆಯ ತುದಿಯಲ್ಲಿ ಕುಳಿತಳು.

“ನಮ್ ಮುತ್ತಜ್ಜ ಹೇಳ್ತಿದ್ದ ಅಂತ ನಮ್ಮಪ್ಪ ಹೇಳ್ತಿದ್ದ. ಒಂದ್ಕಿತ ಬಂಡೆ ಸಿಡಿದು ಒಬ್ಬ ಒಳಗೇ ಉಳ್ಕೊಂಡ. ಬಡ್ಡಿ ವ್ಯಾಪಾರದೋನು, ಅರ್ಧ ಗಣಿ ಅವ್ನಿಗೆ ಸಾಲಗಾರ್ರು. ಸತ್ರೆ ಎಲ್ರ ಸಾಲಾನೂ ತೀರ್ತಿತ್ತು. ಆದ್ರೂ ಮೂರ್ ದಿನ ಅಗೆದ್ರು.”

“ಯಾಕಂತೆ? ದೇವ್ರು ಬಂದು ಹೇಳಿದ್ನಾ?”

“ನಮ್ಮಪ್ಪಾನೂ ಅದೇ ಕೇಳಿದ್ನಂತೆ. ‘ನಾಳೆ ನಾನು ಇಳೀಬೇಕಲ್ಲೋ’ ಅಂದ್ನಂತೆ ಮುತ್ತಜ್ಜ. ಇವ್ನು ಆಗ್ದವ್ನು ಅಂತ ಇವತ್ತು ಬಿಟ್ರೆ, ಕೆಳಗಿದ್ದಾಗ ನಾನು ಆಗ್ದವ್ನಾದ್ರೆ ಏನ್ ಗತಿ? ಅದು ಗೊತ್ತಾದ್ಮೇಲೆ ಯಾವ ಗಂಡಸು ಇಳೀತಾನೆ?” ಅವಳು ಸೊಸೆಯ ಮುಖ ನೋಡಿದಳು. “ಬೆಲ್ಟು ರಿಪೇರಿಗೆ ಮುಂದಿನ ಪಾಳಿ ಯಾರ್ದು?”

ಮುಂದಿನ ಪಾಳಿ ಕಲಾವತಿಯ ಗಂಡ ಮುನಿಕೃಷ್ಣನದು. ಅವನು ಮೂಲೆಯಲ್ಲಿ ಬೂಟಿನ ಪಟ್ಟಿ ಬಿಗಿಯುತ್ತಿದ್ದ. ತಲೆಯೆತ್ತದೆ, “ನಲವತ್ತೊಂದು ಖಾಲಿ ಇದ್ರೆ ನಾನು ಇಳಿಯಲ್ಲ ಕಲಾ. ಹೆದ್ರಿಕೆ ಆಗ್ತದೆ,” ಎಂದ.

ಕಲಾವತಿ ಎದ್ದು ಕಪಾಟಿನಿಂದ ಒಂದು ಸಿಲಿಂಡರ್ ತೆಗೆದು ನೆಲದ ಮೇಲೆ ಸದ್ದಾಗುವಂತೆ ಇಟ್ಟಳು. “ಇದು ನಂದು. ಮಗೂದು ಮುಟ್ಟಬೇಡಿ.”

“ಮಗೂದು ಯಾರೇ ಕೇಳಿದ್ರು? ಯಾವ ಮಗೂದೂ ಬೇಡ.”

“ಅವ್ನು ಬದುಕಿ ಬಂದ್ರೆ ಎದುರಿಗೇ ಕೆನ್ನೆಗೆ ಬಾರಿಸ್ತೀನಿ.”

“ಬಾರಿಸು. ಬದುಕಿದ್ರೆ ತಾನೇ ಬಾರ್ಸಕ್ಕಾಗೋದು.”

*

ಮಕ್ಕಳನ್ನು ಬಿಟ್ಟರೆ ತಂಪುಗುಂಡಿಯಲ್ಲಿ ನೂರಹದಿನೇಳು ಜನ. ಅದು ಮಾನಪ್ಪನನ್ನು ಸೇರಿಸದೆ. ಮುನಿರತ್ನಮ್ಮ ಪ್ರತಿ ಬಾಗಿಲಲ್ಲೂ ಎರಡೇ ಮಾತು ಹೇಳಿದಳು: ನಲವತ್ತೊಂದು ಬಂದಿಲ್ಲ, ಸಿಲಿಂಡರ್ ಬೇಕು. ಕೆಲವರು ಮಾತು ಮುಗಿಯುವ ಮೊದಲೇ ತಂದಿಟ್ಟರು. ಕೆಲವರು ಮಾನಪ್ಪನ ಮೂರು ತಲೆಮಾರನ್ನೂ ಬೈದು ಆಮೇಲೆ ಕೊಟ್ಟರು. ಬೈಗುಳಕ್ಕೆ ಖರ್ಚಾದ ಗಾಳಿ ಅವರ ಪಾಲಿನದೇ ಆದ್ದರಿಂದ ಅವಳು ತಡೆಯಲಿಲ್ಲ. ಒಂಬತ್ತು ಜನ ಕೊಡಲಿಲ್ಲ. ಒಬ್ಬಳು ಬಸುರಿ, ಒಬ್ಬನಿಗೆ ಉಬ್ಬಸ, ಉಳಿದವರು ಮನಸ್ಸಿಲ್ಲದೆ. ಅವರ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲ.

ಗಣಿಬಾಗಿಲಲ್ಲಿ ನೂರೆಂಟು ಸಿಲಿಂಡರ್ ಸಾಲಾಗಿ ನಿಂತವು. ಒಂಬೈನೂರು ಲೀಟರ್ ಕಡಿಮೆ. ಕೋಳಿಗೂಡಿನ ತೊಟ್ಟಿಯಲ್ಲಿ ಹನ್ನೊಂದು ಕೋಳಿಗಳ ಎರಡು ದಿನದ ಗಾಳಿಯಿತ್ತು. ಕೋಳಿಗಳನ್ನು ಸಾಕುತ್ತಿದ್ದವಳೂ ಮುನಿರತ್ನಮ್ಮನೇ. ಅವಳು ತೊಟ್ಟಿಯ ಕೊಳವೆ ಕಿತ್ತು ಅಂಗಿ ತುಂಬುವ ಕೊಳವೆಗೆ ಸೇರಿಸಿದಳು.

ಕೈಚಕ್ರದ ಬೀಗ ಹಾಗೇ ಇತ್ತು. ಚಿನ್ನಪ್ಪ ಮತ್ತು ಐದು ಜನ ಅಂಗಿ ತೊಟ್ಟು ಅದರ ಮುಂದೆ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಮಾತಿಗೂ ಖರ್ಚಿದೆ. ಹತ್ತು ನಿಮಿಷವಾದ ಮೇಲೆ ಇಂದುಧರ ಬಂದ. ಕೈಯಲ್ಲಿ ಕೀಲಿ, ಹೆಗಲ ಮೇಲೆ ತನ್ನ ಸಿಲಿಂಡರ್. ಅದು ಆ ನೂರೆಂಟರಲ್ಲಿ ಇರಲಿಲ್ಲ.

“ನೂರಾ ಒಂಬತ್ತು,” ಎಂದ. “ನಿಮ್ಮ ಕೊಡದವರ ಲೆಕ್ಕದಾಗ ನಾನೂ ಇದ್ದೆ ಅಲ್ಲರೀ?”

“ನೀನು ಮನೇಲಿರ್ಲಿಲ್ಲ,” ಎಂದಳು ಮುನಿರತ್ನಮ್ಮ.

“ಇದ್ದೆ. ಬಾಗ್ಲಾ ತಗೀಲಿಲ್ಲ.” ಅವನು ಬೀಗಕ್ಕೆ ಕೀಲಿ ಹಾಕಿದ. “ಭೂಮಿ ಮ್ಯಾಲ ಎಂಟು ತಿಂಗಳು ಕುಂತು ವಾದಾ ಮಾಡಿದ್ರು, ಹಕ್ಕಿನ ಮೂಲ ಯಾವುದು ಅಂತ. ದೇವರು ಅಂದ್ರು, ನಿಸರ್ಗ ಅಂದ್ರು, ಕಾನೂನು ಅಂದ್ರು. ನನಗ ತಡಾ ಆಗತಿತ್ತು. ಒಪ್ಪಂದ ಅಂತ ಬರದು ಮುಗಸ್ದೆ.”

ಚಕ್ರ ಬಿಗಿಯಾಗಿತ್ತು. ಅವನೊಬ್ಬನಿಂದ ತಿರುಗಲಿಲ್ಲ. ಮುನಿರತ್ನಮ್ಮ ಮಂಡಿನೋವು ಮರೆತು ಇನ್ನೊಂದು ತುದಿ ಹಿಡಿದಳು.

*

ಅಂದು ತಂಪುಗುಂಡಿ ಊರಿಗೆ ಊರೇ ಮಲಗಿತು. ಶಾಲೆ ಮುಚ್ಚಿದರು. ಅಡುಗೆಮನೆಯಲ್ಲಿ ಒಲೆ ಹಚ್ಚಲಿಲ್ಲ. ಹೇಗೂ ಪಾಳಿ ಮುಗಿದಿರಲಿಲ್ಲ, ಯಾರೂ ಉಣ್ಣುವಂತಿರಲಿಲ್ಲ. ಮಕ್ಕಳಿಗೆ ಮಾತ್ರ ತಣ್ಣನೆಯ ರಾಗಿ ಅಂಬಲಿ. ದೊಡ್ಡವರು ತಲೆನೋವಿನಿಂದ ಕಣ್ಣು ಮುಚ್ಚಿಕೊಂಡು, ಗೋಡೆಯ ಆಚೆ ಯಾರಾದರೂ ಕೆಮ್ಮಿದರೆ ಯಾರೆಂದು ಗುರುತಿಸುತ್ತಾ ಬಿದ್ದುಕೊಂಡಿದ್ದರು. ಚುಕ್ಕಿಗೆ ಇದೊಂದು ಆಟ. ಅಮ್ಮನ ಹಾಗೆ ಅಲುಗಾಡದೆ ಮಲಗಿದರೆ ಗೆಲುವು. ಅವಳು ಪ್ರತಿ ಐದು ನಿಮಿಷಕ್ಕೂ ಸೋಲುತ್ತಿದ್ದಳು.

ಅಜ್ಜಿ ಮಲಗಿರಲಿಲ್ಲ. ಹಲಗೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಖಾಲಿ ಕೊಕ್ಕೆಯ ಮುಂದೆ ಯಾರಾದರೂ ಇರಲೇಬೇಕು, ಅದೂ ಪದ್ಧತಿ.

ನಿಯಂತ್ರಣ ಕೊಠಡಿಯಲ್ಲಿ ಪಾಲುಗಾರ ಗಂಟೆಗೊಮ್ಮೆ ಎಚ್ಚರಿಕೆ ಕೊಡುತ್ತಿತ್ತು: ‘ಬಾಗಿಲನ್ನು ಅನುಮತಿಯಿಲ್ಲದೆ ತೆರೆಯಲಾಗಿದೆ. ಒಳಗೆ ಜನ: ಆರು.’ ಇಂದುಧರ ಪ್ರತಿ ಸಲವೂ ‘ತಿಳಿಯಿತು’ ಎಂದು ಒತ್ತುತ್ತಿದ್ದ. ಭೂಮಿಯಿಂದ ಸಮಿತಿಯ ಒಬ್ಬ ಸದಸ್ಯರು ವಿವರಣೆ ಕೇಳಿ ಸಂದೇಶ ಕಳಿಸಿದರು. ‘ಒಳಗೆ ಏಳು ಜನ ಇದ್ದಾರೆ, ವಿವರ ಆಮೇಲೆ’ ಎಂದು ಅವನು ಉತ್ತರಿಸಿದ.

ಒಂಬತ್ತನೆಯ ಗಂಟೆಗೆ ಚಿನ್ನಪ್ಪ ಹೆಲ್ಮೆಟ್ಟನ್ನು ಮಂಜುಗಡ್ಡೆಯ ಗೋಡೆಗೆ ಒತ್ತಿ ಹಿಡಿದ. ಗಾಳಿಯಿಲ್ಲದಿದ್ದರೂ ಗಡ್ಡೆಯೊಳಗೆ ಸದ್ದು ಹರಿಯುತ್ತದೆ. ಮೂರು ಬಡಿತ, ಬಿಡುವು, ಮತ್ತೆ ಮೂರು. ಆಮೇಲೆ ತಾಳವಿಲ್ಲದ ಒಂದಷ್ಟು.

“ಜೀವ ಐತೆ,” ಎಂದು ರೇಡಿಯೋದಲ್ಲಿ ಅಕ್ಕನಿಗೆ ಹೇಳಿದ. “ಬಡಿಯೋದ್ ನೋಡಿದ್ರೆ ನಮ್ಗೇ ಬೈತಾವ್ನೆ.”

“ಸುಮ್ಕಿರು ಅಂತ ಬಡಿ.”

“ಬಡಿದೆ. ಕೇಳೋ ಮಗನಾ ಅವ್ನು?”

ಯಂತ್ರ ಹೇಳಿದ ಹದಿನಾರು ಗಂಟೆ ಸಾಲಲಿಲ್ಲ. ಹದಿನೇಳನೆಯ ಗಂಟೆಗೆ ಇನ್ನೊಂದು ಸಣ್ಣ ಕುಸಿತವಾಗಿ, ಚಿನ್ನಪ್ಪನ ಎಡಗೈ ಎರಡು ಗಡ್ಡೆಗಳ ನಡುವೆ ಸಿಕ್ಕಿತು. ಅಂಗಿ ಹರಿಯಲಿಲ್ಲ, ಆದರೆ ಗವುಸಿನ ಬಿಸಿ ಮಾಡುವ ತಂತಿ ತುಂಡಾಯಿತು. ಆ ಕುಳಿಯ ಚಳಿಗೆ ಕಬ್ಬಿಣವೇ ಗಾಜಿನಂತೆ ಒಡೆಯುತ್ತದೆ. ಹೊರಗೆ ಬಾ ಎಂದು ಮಿಕ್ಕವರು ಕೂಗಿದರು. ಅವನು ಬಂದರೆ ಬಾಗಿಲನ್ನು ಇನ್ನೊಮ್ಮೆ ತೆರೆಯಬೇಕು, ಆರುನೂರು ಲೀಟರ್ ಹೋಗುತ್ತದೆ, ಅಷ್ಟು ಉಳಿದಿರಲಿಲ್ಲ. ಅವನು ಎಡಗೈಯನ್ನು ಎದೆಗೆ ಒತ್ತಿಕೊಂಡು ಬಲಗೈಯಲ್ಲಿ ಅಗೆದ.

ಹತ್ತೊಂಬತ್ತನೆಯ ಗಂಟೆಗೆ ತೂತು ಬಿತ್ತು. ಮಾನಪ್ಪ ಒಂದು ಬಿರುಕಿನಲ್ಲಿ ಮುದುರಿ ಕೂತಿದ್ದ. ಕೊಳವೆ ಜೋಡಿಸಿ ಅವನ ಅಂಗಿಗೆ ಗಾಳಿ ತುಂಬಿದರು. ಅವನ ತೊಡೆಯ ಮೇಲೆ ಡಬ್ಬಿಯ ಎರಡು ಹೋಳು.

“ಹೆಂಡ ಸಿಕ್ತಾ?” ಎಂದ ಚಿನ್ನಪ್ಪ.

“ಹೆಪ್ಪುಗಟ್ಟಿ ಒಡದ್ ಹೋತು,” ಎಂದ ಮಾನಪ್ಪ. ನಾಲಿಗೆ ತೊದಲುತ್ತಿತ್ತು. “ನೀವ್ ಯಾಕ್ ಬಂದ್ರಿ? ನನ್ನ ಹೆಸರೇ ಇಲ್ಲಲ್ಲ.”

“ಬಾಯ್ ಮುಚ್ಕೊಂಡ್ ನಡಿ. ಬಿಲ್ಲೆ ಐತಾ?”

ಮಾನಪ್ಪ ಕೈಬಿಚ್ಚಿದ. ಬಿಲ್ಲೆ ಗವುಸಿಗೆ ಅಂಟಿಕೊಂಡಿತ್ತು. ಅದರಿಂದಲೇ ಅವನು ಗೋಡೆ ಬಡಿಯುತ್ತಿದ್ದುದು. ಅಂಚೆಲ್ಲ ನಗ್ಗಿ ಹೋಗಿತ್ತು.

*

ಹೊರಗೆ ಬಂದಾಗ ಅವನಿಗೆ ನಿಲ್ಲಲು ಶಕ್ತಿಯಿರಲಿಲ್ಲ. ಇಬ್ಬರು ಎತ್ತಿ ಹಲಗೆಯ ಹತ್ತಿರ ತಂದರು. ಮುನಿರತ್ನಮ್ಮ ಸ್ಟೂಲಿನಿಂದ ಏಳಲಿಲ್ಲ, ಬಿಲ್ಲೆಗೆ ಕೈಯನ್ನೂ ಚಾಚಲಿಲ್ಲ. ಅವನು ಮೂರು ಸಲ ತಪ್ಪಿಸಿ ನಾಲ್ಕನೆಯ ಸಲ ಕೊಕ್ಕೆಗೆ ಹಾಕಿದ. ಹಿತ್ತಾಳೆ ಅಲುಗಾಡಿ ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಇಡುವ ಸದ್ದು ಕೇಳಿತು. ಕಲಾವತಿ ಓಣಿಯಲ್ಲಿ ಎದುರಾಗಿ ಮಾನಪ್ಪನ ಕೆನ್ನೆಗೆ ಒಂದು ಕೊಟ್ಟಳು. ಅದರಲ್ಲಿ ಬಲವಿರಲಿಲ್ಲ, ಅವಳೂ ಉಪವಾಸವಿದ್ದಳು. ಅವನು ಕೆನ್ನೆ ಮುಟ್ಟಿಕೊಂಡು, “ಕೂಸು ಹ್ಯಾಂಗೈತಿ?” ಎಂದ. ಅವಳು ಅಡುಗೆಮನೆಯ ಕಡೆ ನಡೆದಳು.

ಬೆಲ್ಟು ಮೂರನೆಯ ದಿನವಲ್ಲ, ನಾಲ್ಕನೆಯ ದಿನ ಓಡಿತು. ಕಲಾವತಿ ಹೆದರಿದ್ದು ಸುಳ್ಳಾಗಿರಲಿಲ್ಲ. ಆ ಕೊನೆಯ ದಿನ ಎಲ್ಲರ ತುಟಿಯೂ ನೀಲಿ. ಸಿಲಿಂಡರ್ ಕೊಡದಿದ್ದವರಲ್ಲಿ ಇಬ್ಬರು ತಮ್ಮದನ್ನು ಶಾಲೆಯ ಮಕ್ಕಳ ಕೋಣೆಯಲ್ಲಿ ಇಟ್ಟು ಹೋದರು.

ವಾರದ ಮೇಲೆ ಸಮಿತಿ ಸೇರಿತು. ಭೂಮಿಯ ಇಬ್ಬರು ಪರದೆಯ ಮೇಲೆ. ಮಾನಪ್ಪನ ಹೆಸರನ್ನು ಜನರ ಪಟ್ಟಿಗೆ ಮರಳಿ ಸೇರಿಸಬೇಕಿತ್ತು, ಮೂಲದ ಕಲಂನಲ್ಲಿ ಏನು ಬರೆಯಬೇಕೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಮುನಿರತ್ನಮ್ಮನನ್ನೇ ಕೇಳಿದರು.

“ಓದಿದವ್ರು ನೀವು, ನನ್ನ ಕೇಳಿದ್ರೆ?” ಎಂದಳು. “ಅವ್ನು ಬಾಗ್ಲು ದಾಟಿದ. ದಾಟೋನು ಮನುಷ್ಯ ಅಂತ ಗೊತ್ತಿತ್ತು. ಅಷ್ಟಕ್ಕೇ ಬಿಲ್ಲೆ ಕೊಡ್ತೀವಿ. ಕೊಟ್ಮೇಲೆ ಕರ್ಕೊಂಡ್ ಬರೋವರ್ಗೂ ಬಿಡಲ್ಲ. ಎಲ್ಲಿಂದ ಬಂತು ಅಂದ್ರೆ, ನಾವ್ ಬಿಡ್ದೇ ಇದ್ರೆ ಇರ್ತದೆ, ಬಿಟ್ರೆ ಹೋಗ್ತದೆ. ಇದಕ್ಕಿಂತ ನಂಗೆ ಗೊತ್ತಿಲ್ಲ.”

ಭೂಮಿಯ ಸದಸ್ಯರೊಬ್ಬರು ಅದು ಬಹಳ ದುರ್ಬಲ ಆಧಾರವೆಂದರು.

“ಹೌದು ಸಾಮಿ. ಅದಕ್ಕೇ ಅಲ್ವಾ ಸ್ಟೂಲ್ ಹಾಕ್ಕೊಂಡು ಕಾಯೋದು.”

ಇಂದುಧರ ಎದ್ದು ನಿಂತು, ಮೂಲ ಎಂಬ ಕಲಂ ಇದ್ದರೆ ಅದು ಒಂದಲ್ಲ ಒಂದು ದಿನ ಯಾರದಾದರೂ ಖಾಲಿಯಾಗುತ್ತದೆ, ಆದ್ದರಿಂದ ಆ ಕಲಂ ಅನ್ನೇ ತೆಗೆಯೋಣ ಎಂದ. ಮೂರು ಕೈ ಮೇಲೆದ್ದವು, ಎರಡು ಏಳಲಿಲ್ಲ. ತೆಗೆದರು.

ತಡೆಯಬೇಕಾದವನಿಗೆ ಬಿಲ್ಲೆ ಕೊಟ್ಟ ತಪ್ಪಿಗೆ ಮುನಿರತ್ನಮ್ಮನನ್ನು ಗಣಿಬಾಗಿಲಿನಿಂದ ಅಡುಗೆಮನೆಗೆ ಹಾಕಿದರು. ಅವಳು ವಾದಿಸಲಿಲ್ಲ. ಬಾಗಿಲಲ್ಲೇ ಅವನನ್ನು ನಿಲ್ಲಿಸುವಂತೆ ಕಾವಲಿನವನಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಸ್ಟೂಲು ಚಿನ್ನಪ್ಪನಿಗೆ ಹೋಯಿತು, ಎಡಗೈಯಲ್ಲಿ ಎರಡು ಬೆರಳಿಲ್ಲದವನು ಗುದ್ದಲಿ ಹಿಡಿಯುವುದು ಕಷ್ಟ. ಇಂದುಧರನ ಒಪ್ಪಂದವನ್ನು ಮುಂದುವರಿಸಲಿಲ್ಲ.

ಮಾನಪ್ಪ ಮೊದಲು ತೀರ್ಮಾನವಾದಂತೆಯೇ ನೌಕೆಯಲ್ಲಿ ವಾಪಸ್ ಹೋದ. ಸೀಟಿನಲ್ಲಿ ಕೂತು ಹೋದ, ಪಟ್ಟಿಯಲ್ಲಿ ಹೆಸರಿನೊಂದಿಗೆ. ಪಕ್ಕದ ಸೀಟಿನಲ್ಲಿ ಇಂದುಧರ. ಯಾರಿಗೂ ವಂದನೆ ಹೇಳಲಿಲ್ಲ. ಗಣಿಬಾಗಿಲಿನ ಮುಂದೆ ಹಾದುಹೋಗುವಾಗ ಹಲಗೆಯನ್ನೊಮ್ಮೆ ನೋಡಿ, “ಆ ನಗ್ಗಿದ್ದನ್ನ ಬದಲ್ ಮಾಡಬ್ಯಾಡ್ರಿ,” ಎಂದಷ್ಟೇ ಹೇಳಿದ.

ಹೋದದ್ದು ಇಷ್ಟು: ಸುಮಾರು ಹನ್ನೆರಡು ಸಾವಿರ ಲೀಟರ್ ಗಾಳಿ, ಹನ್ನೊಂದು ಕೋಳಿ, ಚಿನ್ನಪ್ಪನ ಎರಡು ಬೆರಳು, ಇಬ್ಬರ ಕೆಲಸ. ಅದರ ಮುಂದಿನ ನೌಕೆಯಲ್ಲಿ ಕೋಳಿಮರಿಗಳು ಬರುವವರೆಗೆ, ಅಂದರೆ ಏಳು ತಿಂಗಳು, ತಂಪುಗುಂಡಿಯ ಮಕ್ಕಳಿಗೆ ಮೊಟ್ಟೆ ಸಿಗಲಿಲ್ಲ. ಉಳಿದದ್ದು ಒಬ್ಬ ಮನುಷ್ಯ, ಅದೂ ಅಂಥ ಒಳ್ಳೆಯವನೇನಲ್ಲ. ನಲವತ್ತೊಂದು ಮರಳಿ ಬಂದ ಮೇಲೆ ಮುಂದಿನ ಪಾಳಿಗೆ ಕರೆದಾಗ ಇಪ್ಪತ್ತೆರಡು ಜನರೂ ಬಂದು ಬಿಲ್ಲೆ ತೆಗೆದುಕೊಂಡರು.